ಜಿಮ್ ಸೂಜಿ, ದಪ್ಪ ಆಗೋ ಗುಳಿಗೆ: ಸ್ಟೀರಾಯ್ಡ್ ಅಂದ್ರೆ ಏನು? ದೇಹಕ್ಕೆ ಏನಾಗುತ್ತೆ, ಮಾರಿದವರಿಗೆ ಏನಾಗುತ್ತೆ? ಪೂರ್ತಿ ಮಾಹಿತಿ

ದುಂಡಸಿ (ಶಿಗ್ಗಾವಿ ತಾಲೂಕು): ಮೊದಲೆಲ್ಲ ಮೈ ಕಟ್ಟಬೇಕು ಅಂದ್ರೆ ಗರಡಿಮನಿ, ಕೆಮ್ಮಣ್ಣು, ಸಾಮು, ಹಾಲು, ಬಾದಾಮಿ ಅಂತಿದ್ರು. ಈಗ ಹುಡುಗ್ರು ಶಿಗ್ಗಾವಿ, ಬಂಕಾಪುರ, ಹುಬ್ಬಳ್ಳಿ ಕಡೆ ಜಿಮ್‌ಗೆ ಹೋಗ್ತಾರೆ. ಹೋಗೋದು ಒಳ್ಳೇದೇ. ಆದ್ರೆ ಮೂರು ತಿಂಗಳಾದ್ರೂ ತೋಳು ಬರಲಿಲ್ಲ ಅಂತ ಬೇಜಾರಾದಾಗ ಯಾರೋ ಒಬ್ಬ ಪಕ್ಕಕ್ಕೆ ಕರೆದು "ಒಂದು ಕೋರ್ಸ್ ಹಾಕ್ಕೋ, ಎರಡು ತಿಂಗಳಲ್ಲಿ ನೋಡು" ಅಂತಾನೆ. ಆ "ಕೋರ್ಸ್" ಅಂದ್ರೆ ಹೆಚ್ಚಿನ ಸಲ ಅನಾಬಾಲಿಕ್ ಸ್ಟೀರಾಯ್ಡ್.

ಇದು ಏನು, ಹೇಗೆ ಕೆಲಸ ಮಾಡುತ್ತೆ, ಯಾವ ತೊಂದರೆ ವಾಪಸ್ ಹೋಗುತ್ತೆ, ಯಾವುದು ಹೋಗಲ್ಲ, ಮೆಡಿಕಲ್ ಶಾಪ್‌ನವರು, ಜಿಮ್‌ನವರು, ಪ್ರೋಟೀನ್ ಪುಡಿ ಮಾರುವವರು ಯಾವ ಕಾನೂನು ಪಾಲಿಸಬೇಕು ಅನ್ನೋದನ್ನ ಒಂದೇ ಕಡೆ ಕೊಟ್ಟಿದ್ದೇವೆ.

ಸ್ಟೀರಾಯ್ಡ್ ಎರಡು ತರ, ಮೊದಲು ಇದನ್ನ ತಿಳ್ಕೊಳ್ರಿ

ನಮ್ಮ ಕಡೆ "ಸ್ಟೀರಾಯ್ಡ್" ಅಂದ ಕೂಡಲೇ ಜನ ಹೆದರ್ತಾರೆ. ಆದ್ರೆ ಆ ಹೆಸರಿನಲ್ಲಿ ಎರಡು ಬೇರೆ ಬೇರೆ ಔಷಧಿ ಗುಂಪುಗಳಿವೆ.

ಒಂದನೇದು ಕಾರ್ಟಿಕೋಸ್ಟೀರಾಯ್ಡ್. ಪ್ರೆಡ್ನಿಸೊಲೋನ್, ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್ ಈ ಗುಂಪಿನವು. ದಮ್ಮು, ಅಲರ್ಜಿ, ಕೀಲು ಬಾವು, ಕೆಲವು ಚರ್ಮರೋಗಕ್ಕೆ ವೈದ್ಯರು ಕೊಡ್ತಾರೆ. ಇದರಿಂದ ಸ್ನಾಯು ಬೆಳೆಯಲ್ಲ, ಬಹಳ ದಿನ ತಗೊಂಡ್ರೆ ಉಲ್ಟಾ ಸ್ನಾಯು ಸೊರಗುತ್ತೆ. ದಮ್ಮಿಗೆ ಇನ್‌ಹೇಲರ್ ತಗೊಳ್ಳೋರು "ಸ್ಟೀರಾಯ್ಡ್ ಅಂತ, ಬ್ಯಾಡ" ಅಂತ ತಾವೇ ಬಿಟ್ಟುಬಿಟ್ರೆ ಜೀವಕ್ಕೇ ಅಪಾಯ. ಬಿಡೋದಾದ್ರೆ ವೈದ್ಯರನ್ನ ಕೇಳಿಯೇ ಬಿಡಬೇಕು.

ಎರಡನೇದು ಅನಾಬಾಲಿಕ್ ಸ್ಟೀರಾಯ್ಡ್. ಗಂಡಸರ ದೇಹದಲ್ಲಿ ಇರೋ ಟೆಸ್ಟೋಸ್ಟೆರಾನ್ ಹಾರ್ಮೋನ್ ಮತ್ತು ಅದನ್ನೇ ಹೋಲುವಂತೆ ತಯಾರಿಸಿದ ಔಷಧಿಗಳು. ನ್ಯಾಂಡ್ರೊಲೋನ್, ಸ್ಟಾನೊಜೊಲೋಲ್, ಮೆಥಾಂಡಿಯೆನೋನ್, ಆಕ್ಸಿಮೆಥೊಲೋನ್ ಹೆಸರು ಕೇಳಿರಬಹುದು. ಈ ಲೇಖನ ಮುಖ್ಯವಾಗಿ ಇದರ ಬಗ್ಗೆ.

ಪೇಟೆಯಲ್ಲಿ ಕೆಲವರು ಹೆಣ್ಮಕ್ಕಳಿಗೆ, ಸಣಕಲು ಹುಡುಗ್ರಿಗೆ "ದಪ್ಪ ಆಗೋ ಗುಳಿಗೆ" ಅಂತ ಕೊಡೋದ್ರಲ್ಲಿ ಡೆಕ್ಸಾಮೆಥಾಸೋನ್ ಇರೋದುಂಟು. ಅದರಿಂದ ಬರೋದು ಶಕ್ತಿ ಅಲ್ಲ, ಮುಖ ಊದೋದು, ನೀರು ತುಂಬೋದು, ಶುಗರ್, ಬಿಪಿ ಏರೋದು. ಬಹಳ ದಿನ ತಗೊಂಡು ಒಮ್ಮೆಲೇ ಬಿಟ್ರೆ ಮನುಷ್ಯ ಕುಸಿದು ಬೀಳಬಹುದು.

ಎಲ್ಲಿಂದ ಬಂತು ಇದು?

ಟೆಸ್ಟೋಸ್ಟೆರಾನ್ ಅನ್ನು 1935ರಲ್ಲಿ ಪ್ರಯೋಗಾಲಯದಲ್ಲಿ ತಯಾರಿಸಿದರು. ಈ ಹಾರ್ಮೋನ್‌ಗಳ ಕೆಲಸಕ್ಕಾಗಿ ಬುಟೆನಾಂಟ್ ಮತ್ತು ರುಜಿಕ ಎಂಬ ವಿಜ್ಞಾನಿಗಳಿಗೆ 1939ರ ರಸಾಯನಶಾಸ್ತ್ರ ನೊಬೆಲ್ ಸಿಕ್ಕಿತು. ಅದು ರೋಗಿಗಳಿಗಾಗಿ ಬಂದ ಔಷಧಿ. ಹುಟ್ಟಿನಿಂದಲೋ ರೋಗದಿಂದಲೋ ಈ ಹಾರ್ಮೋನ್ ಕಡಿಮೆ ಇರೋರಿಗೆ, ವಯಸ್ಸಿಗೆ ಬಂದ್ರೂ ಬೆಳವಣಿಗೆ ಆಗದ ಹುಡುಗರಿಗೆ, ಕೆಲವು ತರದ ರಕ್ತಹೀನತೆಗೆ, ದೊಡ್ಡ ಕಾಯಿಲೆಯಿಂದ ಮೈ ಸೊರಗಿದವರಿಗೆ ಈಗಲೂ ವೈದ್ಯರು ಕೊಡ್ತಾರೆ.

1950ರ ದಶಕದ ಕೊನೆಗೆ ಅಮೆರಿಕದಲ್ಲಿ ಮೆಥಾಂಡಿಯೆನೋನ್ ಗುಳಿಗೆ ಭಾರ ಎತ್ತುವವರ ಕೈಗೆ ಸಿಕ್ತು. ಅಲ್ಲಿಂದ ಕ್ರೀಡೆಗೆ ಹಬ್ಬಿತು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಮೊದಲ ಸಲ ಸ್ಟೀರಾಯ್ಡ್ ಪರೀಕ್ಷೆ ನಡೀತು. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಕೆನಡಾದ ಬೆನ್ ಜಾನ್ಸನ್ 100 ಮೀಟರ್ ಅನ್ನು 9.79 ಸೆಕೆಂಡಿನಲ್ಲಿ ಓಡಿದ. ಮೂತ್ರದಲ್ಲಿ ಸ್ಟಾನೊಜೊಲೋಲ್ ಸಿಕ್ತು, ಮೂರೇ ದಿನದಲ್ಲಿ ಪದಕ ಹೋಯ್ತು.

ನಮ್ಮ ರಾಜ್ಯದ್ದೇ ಒಂದು ಪ್ರಕರಣ

ಉಡುಪಿ ಜಿಲ್ಲೆಯ ಸಿದ್ದಾಪುರ ಕಡೆಯ ಓಟಗಾರ್ತಿ ಅಶ್ವಿನಿ ಅಕ್ಕುಂಜಿ 2010ರಲ್ಲಿ ಇಡೀ ಕರ್ನಾಟಕಕ್ಕೆ ಹೆಮ್ಮೆ ತಂದವರು. ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದ 4x400 ಮೀಟರ್ ರಿಲೇ ಚಿನ್ನ, ಅದೇ ವರ್ಷ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ 400 ಮೀಟರ್ ಹರ್ಡಲ್ಸ್ ಮತ್ತು ರಿಲೇ ಚಿನ್ನ.

2011ರಲ್ಲಿ ಅವರೂ ಸೇರಿ ಭಾರತದ ಹಲವು ಓಟಗಾರ್ತಿಯರ ಪರೀಕ್ಷೆಯಲ್ಲಿ ಸ್ಟೀರಾಯ್ಡ್ ಪತ್ತೆಯಾಯ್ತು. ಅಶ್ವಿನಿಯವರದ್ದು ಮೆಥಾಂಡಿಯೆನೋನ್. ಕೋಚ್ ಕೊಟ್ಟ ಜಿನ್‌ಸೆಂಗ್ ಪೂರಕದಲ್ಲಿ ಅದು ಸೇರಿತ್ತು, ನಮಗೆ ಗೊತ್ತಿರಲಿಲ್ಲ ಅಂತ ಓಟಗಾರ್ತಿಯರು ಹೇಳಿದರು. ಉಕ್ರೇನ್‌ನ ಕೋಚ್ ಯೂರಿ ಒಗೊರೊದ್ನಿಕ್ ಅವರನ್ನು ತೆಗೆದು ಹಾಕಲಾಯ್ತು. ದೇಶದ ಶಿಸ್ತು ಸಮಿತಿ ಮೊದಲು 1 ವರ್ಷ ನಿಷೇಧ ಹಾಕಿತು. 2012ರಲ್ಲಿ ಅಂತಾರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ ಅದನ್ನು 2 ವರ್ಷಕ್ಕೆ ಏರಿಸಿತು. ಲಂಡನ್ ಒಲಿಂಪಿಕ್ಸ್ ಕೈ ತಪ್ಪಿತು.

ಕುಸ್ತಿ ಅಭಿಮಾನಿಗಳಿಗೆ ನರಸಿಂಗ್ ಯಾದವ್ ಹೆಸರು ನೆನಪಿರಬೇಕು. 2016ರ ರಿಯೋ ಒಲಿಂಪಿಕ್ಸ್‌ಗೆ ಹೋಗಿದ್ದ ಪೈಲ್ವಾನ. ಅವರ ಪರೀಕ್ಷೆಯಲ್ಲೂ ಮೆಥಾಂಡಿಯೆನೋನ್ ಸಿಕ್ತು. ಯಾರೋ ಊಟದಲ್ಲಿ ಬೆರೆಸಿದ್ದಾರೆ ಅಂತ ಅವರು ವಾದಿಸಿದರು, ದೇಶದ ಸಂಸ್ಥೆ ಒಪ್ಪಿತು, ಆದರೆ ಕ್ರೀಡಾ ನ್ಯಾಯಮಂಡಳಿ ಒಪ್ಪಲಿಲ್ಲ. 4 ವರ್ಷ ನಿಷೇಧ, ಅಖಾಡಕ್ಕೆ ಇಳಿಯೋ ಮೊದಲೇ ವಾಪಸ್.

ಇವೆರಡರಿಂದ ತಿಳಿಯೋದು ಇಷ್ಟೇ. ನಿಮ್ಮ ದೇಹದೊಳಗೆ ಏನು ಸಿಕ್ಕರೂ ಅದಕ್ಕೆ ನೀವೇ ಜವಾಬ್ದಾರರು. "ಕೋಚ್ ಕೊಟ್ಟ, ಅಂಗಡಿಯವ ಕೊಟ್ಟ" ಅಂದ್ರೆ ಆಟದ ಕಾನೂನು ಬಿಡಲ್ಲ. ದೊಡ್ಡ ಕ್ರೀಡಾಪಟುಗಳಿಗೇ ಡಬ್ಬಿಯೊಳಗೆ ಏನಿದೆ ಗೊತ್ತಾಗಲಿಲ್ಲ ಅಂದ್ಮೇಲೆ, ಲೇಬಲ್ ಕಿತ್ತ ಡಬ್ಬಿ ಹಿಡ್ಕೊಂಡ ನಮ್ಮ ಹುಡುಗ್ರಿಗೆ ಹೆಂಗ ಗೊತ್ತಾಗಬೇಕು?

ದೇಹದಲ್ಲಿ ಏನು ಮಾಡುತ್ತೆ?

ಸತ್ಯ ಹೇಳಬೇಕು. ಸ್ಟೀರಾಯ್ಡ್ ಕೆಲಸ ಮಾಡುತ್ತೆ. ಸ್ನಾಯುವಿನಲ್ಲಿ ಪ್ರೋಟೀನ್ ಕಟ್ಟೋ ವೇಗ ಹೆಚ್ಚುತ್ತೆ, ಕಸರತ್ತು ಮಾಡಿದ ಸುಸ್ತು ಬೇಗ ಹೋಗುತ್ತೆ, ತೂಕ ಏರುತ್ತೆ. ಅದಕ್ಕೇ ಹುಡುಗ್ರು ನಂಬೋದು. "ಏನೂ ಆಗಲ್ಲ ಬಿಡು, ಸುಳ್ಳು" ಅಂತ ಹೇಳಿದ್ರೆ ಅವರು ಕೇಳಲ್ಲ, ಯಾಕಂದ್ರೆ ಕಣ್ಣ ಮುಂದೆ ತೋಳು ಕಾಣ್ತದೆ.

ಸಮಸ್ಯೆ ಪ್ರಮಾಣದ್ದು. ಜಿಮ್ ಕೋರ್ಸ್‌ಗಳಲ್ಲಿ ವೈದ್ಯರು ರೋಗಿಗೆ ಕೊಡೋದಕ್ಕಿಂತ 10ರಿಂದ 100 ಪಟ್ಟು ತಗೊಳ್ಳೋರು ಇದ್ದಾರೆ. ಹೊರಗಿನಿಂದ ಇಷ್ಟು ಹಾರ್ಮೋನ್ ಬಂದಾಗ ಮೆದುಳು "ಸಾಕು" ಅಂತ ತಿಳ್ಕೊಂಡು ವೃಷಣಕ್ಕೆ ಕಳಿಸೋ ಸಂದೇಶ ನಿಲ್ಲಿಸುತ್ತೆ. ದೇಹದ ಸ್ವಂತ ಕಾರ್ಖಾನೆ ಬಂದ್ ಆಗುತ್ತೆ. ಉಳಿದ ತೊಂದರೆಗಳು ಹೀಗಿವೆ:

ಹೃದಯ: ಒಳ್ಳೆ ಕೊಲೆಸ್ಟ್ರಾಲ್ ಆದ ಎಚ್‌ಡಿಎಲ್ ಕುಸಿಯುತ್ತೆ, ಕೆಟ್ಟದ್ದು ಏರುತ್ತೆ. ಬಿಪಿ ಹೆಚ್ಚುತ್ತೆ, ರಕ್ತ ದಪ್ಪ ಆಗುತ್ತೆ. ಹೃದಯದ ಗೋಡೆ ದಪ್ಪಗಾಗಿ ಪಂಪ್ ಮಾಡೋ ಶಕ್ತಿ ಕಡಿಮೆ ಆಗುತ್ತೆ. ಸಣ್ಣ ವಯಸ್ಸಲ್ಲೇ ಹೃದಯಾಘಾತ, ಪಾರ್ಶ್ವವಾಯು ಬರೋ ಅಪಾಯ ಹೆಚ್ಚು. ಇದು ಒಳಗೊಳಗೇ ನಡೆಯೋದ್ರಿಂದ ಕನ್ನಡಿಯಲ್ಲಿ ಕಾಣಲ್ಲ.

ಲಿವರ್: ಸೂಜಿಗಿಂತ ಗುಳಿಗೆ ಲಿವರ್‌ಗೆ ಹೆಚ್ಚು ಕೆಟ್ಟದ್ದು. ಮೆಥಾಂಡಿಯೆನೋನ್, ಸ್ಟಾನೊಜೊಲೋಲ್‌ನಂಥವು ಕಾಮಾಲೆ, ಲಿವರ್‌ನಲ್ಲಿ ರಕ್ತ ತುಂಬಿದ ಗುಳ್ಳೆ, ಗಡ್ಡೆ ತರಬಹುದು.

ಮಕ್ಕಳಾಗೋ ಶಕ್ತಿ: ವೃಷಣ ಸಣ್ಣದಾಗುತ್ತೆ, ವೀರ್ಯಾಣು ಬಹಳ ಕಡಿಮೆ ಆಗುತ್ತೆ ಅಥವಾ ಪೂರ್ತಿ ಇಲ್ಲದಂಗ ಆಗುತ್ತೆ. ಬಿಟ್ಟ ಮೇಲೆ ಬಹಳ ಮಂದಿಗೆ ತಿಂಗಳುಗಳಲ್ಲಿ ವಾಪಸ್ ಬರುತ್ತೆ, ಕೆಲವರಿಗೆ ವರ್ಷ ಮೀರುತ್ತೆ, ಕೆಲವರಿಗೆ ಪೂರ್ತಿ ಬರೋದೇ ಇಲ್ಲ. ಮದುವೆಯಾಗಿ ಮಕ್ಕಳಾಗದಿದ್ರೆ ನಮ್ಮಲ್ಲಿ ಮೊದಲು ಬೈಸ್ಕೊಳ್ಳೋದು ಸೊಸೆ. ಗಂಡ ಹಿಂದೆ ಏನು ಚುಚ್ಚಿಸ್ಕೊಂಡಿದ್ದ ಅಂತ ಯಾರೂ ಕೇಳಲ್ಲ.

ಎದೆ ಬೆಳೆಯೋದು: ಹೆಚ್ಚಾದ ಟೆಸ್ಟೋಸ್ಟೆರಾನ್‌ನ ಒಂದು ಭಾಗ ಹೆಣ್ಣಿನ ಹಾರ್ಮೋನ್ ಆದ ಈಸ್ಟ್ರೋಜೆನ್ ಆಗಿ ಬದಲಾಗುತ್ತೆ. ಹುಡುಗರಿಗೆ ಎದೆ ಗಡ್ಡೆ ಬೆಳೆಯೋದು ಇದರಿಂದ. ಗಟ್ಟಿಯಾದ ಮೇಲೆ ಆಪರೇಷನ್ ಮಾಡಿಸದೆ ಹೋಗಲ್ಲ.

ಎತ್ತರ: 18ರ ಒಳಗಿನ ಹುಡುಗರು ತಗೊಂಡ್ರೆ ಎಲುಬಿನ ಬೆಳೆಯೋ ತುದಿ ಬೇಗ ಮುಚ್ಚಿಕೊಳ್ಳುತ್ತೆ. ಎತ್ತರ ಅಲ್ಲಿಗೇ ನಿಂತುಬಿಡುತ್ತೆ.

ಹೆಣ್ಮಕ್ಕಳಿಗೆ: ಧ್ವನಿ ಗಂಡಸಿನಂತೆ ಒರಟಾಗುತ್ತೆ, ಮುಖದಲ್ಲಿ ಕೂದಲು ಬರುತ್ತೆ, ಮುಟ್ಟು ನಿಲ್ಲುತ್ತೆ. ಧ್ವನಿ ಒಮ್ಮೆ ಬದಲಾದ್ರೆ ಸಾಮಾನ್ಯವಾಗಿ ವಾಪಸ್ ಬರಲ್ಲ.

ಮನಸ್ಸು: ತಗೊಳ್ಳುವಾಗ ಸಿಟ್ಟು, ಅನುಮಾನ, ನಿದ್ದೆಗೇಡು. ಬಿಟ್ಟಾಗ ಸ್ವಂತ ಹಾರ್ಮೋನ್ ಇಲ್ಲದೆ ಸುಸ್ತು, ನಿರಾಸಕ್ತಿ, ಖಿನ್ನತೆ, ಕೆಲವರಿಗೆ ಸಾಯೋ ಯೋಚನೆ. ಅದನ್ನ ತಡಿಲಾರದೆ ಮತ್ತೆ ಶುರು ಮಾಡ್ತಾರೆ. ಬಳಸೋರಲ್ಲಿ ಸುಮಾರು ಶೇ 30ರಷ್ಟು ಮಂದಿ ಇದಕ್ಕೆ ಅಂಟಿಕೊಳ್ತಾರೆ ಅಂತ ಅಂದಾಜು.

ಚರ್ಮ, ಕೂದಲು: ಬೆನ್ನು, ಭುಜದ ಮೇಲೆ ದೊಡ್ಡ ಮೊಡವೆ. ಮನೆತನದಲ್ಲಿ ಬೋಳುತಲೆ ಇದ್ದರೆ ಬೇಗ ಕೂದಲು ಉದುರುತ್ತೆ.

ಸೂಜಿ: ಒಂದೇ ಸೂಜಿ ಅಥವಾ ಒಂದೇ ಬಾಟಲಿ ನಾಲ್ಕು ಮಂದಿ ಹಂಚಿಕೊಂಡ್ರೆ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ. ಸ್ವಚ್ಛ ಇಲ್ಲದಿದ್ರೆ ಕುರು, ಕೀವು.

ಸ್ಟೀರಾಯ್ಡ್ ಅಲ್ಲ, ಆದ್ರೂ ಅದರ ಜೊತೆ ಮಾರೋದು

ಮೆಫೆಂಟರ್ಮಿನ್ ಸೂಜಿ: ಇದು ಆಪರೇಷನ್ ಟೈಮಲ್ಲಿ ಬಿಪಿ ಇಳಿದಾಗ ಏರಿಸೋಕೆ ಕೊಡೋ ಔಷಧಿ. ಜಿಮ್, ಕುಸ್ತಿ, ಓಟದ ಹುಡುಗ್ರಿಗೆ "ಸ್ಟೀರಾಯ್ಡ್" ಅಂತ್ಲೇ ಮಾರ್ತಾರೆ. ಮಹಾರಾಷ್ಟ್ರದಲ್ಲಿ ಪೊಲೀಸರು ಇಂಥ ದಾಸ್ತಾನು ಹಲವು ಸಲ ಹಿಡಿದಿದ್ದಾರೆ. ಎದೆ ಬಡಿತ ಏರುತ್ತೆ, ಚಟ ಹತ್ತುತ್ತೆ, ಭ್ರಮೆ ಬರುತ್ತೆ.

ಇನ್ಸುಲಿನ್: ಶುಗರ್ ಇಲ್ಲದವ ಚುಚ್ಚಿಕೊಂಡ್ರೆ ರಕ್ತದ ಸಕ್ಕರೆ ಇಳಿದು ಪ್ರಜ್ಞೆ ತಪ್ಪಬಹುದು, ಜೀವ ಹೋಗಬಹುದು.

ನೀರು ಇಳಿಸೋ ಗುಳಿಗೆ: ದೇಹದಾರ್ಢ್ಯ ಸ್ಪರ್ಧೆ ಮುಂಚೆ ನರ ಕಾಣಲಿ ಅಂತ ತಗೋತಾರೆ. ಪೊಟ್ಯಾಸಿಯಂ ಇಳಿದು ಹೃದಯದ ಲಯ ತಪ್ಪುತ್ತೆ.

ಸಾರ್ಮ್ಸ್: "ಸ್ಟೀರಾಯ್ಡ್ ಅಲ್ಲ, ಸೇಫ್" ಅಂತ ಆನ್‌ಲೈನ್‌ನಲ್ಲಿ ಮಾರ್ತಾರೆ. ಕ್ರೀಡೆಯಲ್ಲಿ ಇದಕ್ಕೂ ನಿಷೇಧ ಇದೆ. ಓಟಗಾರ್ತಿ ದ್ಯುತಿ ಚಂದ್ ಅವರಿಗೆ 2023ರಲ್ಲಿ 4 ವರ್ಷ ನಿಷೇಧ ಬಿದ್ದಿದ್ದು ಇದಕ್ಕೇ.

ಇನ್ನೊಂದು ಮಾತು: ವೇ ಪ್ರೋಟೀನ್ ಪುಡಿ ಸ್ಟೀರಾಯ್ಡ್ ಅಲ್ಲ. ಅದು ಹಾಲಿನಿಂದ ತೆಗೆದ ಪ್ರೋಟೀನ್. ಪುಡಿ ತಗೊಳ್ಳೋ ಮಗನನ್ನೆಲ್ಲ ಅನುಮಾನದಿಂದ ನೋಡಬ್ಯಾಡ್ರಿ. ಆದ್ರೆ ಬಿಲ್ ಇಲ್ಲದ, ಸೀಲ್ ಒಡೆದ, ಪರವಾನಗಿ ನಂಬರ್ ಇಲ್ಲದ ಡಬ್ಬಿ ಇದ್ದರೆ ಕೇಳ್ರಿ.

ಕಾನೂನು: ಯಾರಿಗೆ ಏನು?

ಭಾರತದಲ್ಲಿ ಅನಾಬಾಲಿಕ್ ಸ್ಟೀರಾಯ್ಡ್ ಗಾಂಜಾ, ಅಫೀಮಿನ ಕಾನೂನಿನಡಿ ಬರಲ್ಲ. ಇದು ಔಷಧಿ. 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆ, 1945ರ ನಿಯಮಗಳ ಶೆಡ್ಯೂಲ್ ಎಚ್ ಪಟ್ಟಿಯಲ್ಲಿದೆ. ಅಮೆರಿಕದಲ್ಲಿ ಮಾತ್ರ 1990ರ ಕಾಯ್ದೆ ಮೂಲಕ ಇದನ್ನು ನಿಯಂತ್ರಿತ ಮಾದಕ ವಸ್ತುಗಳ ಸಾಲಿಗೆ ಸೇರಿಸಿದರು.

ಮೆಡಿಕಲ್ ಶಾಪ್‌ನವರಿಗೆ: ಡಬ್ಬಿ ಮೇಲೆ ಆರ್‌ಎಕ್ಸ್ ಗುರುತು, ನೋಂದಾಯಿತ ವೈದ್ಯರ ಚೀಟಿ ಇದ್ದರೆ ಮಾತ್ರ ಮಾರಾಟ ಅನ್ನೋ ಎಚ್ಚರಿಕೆ ಇರುತ್ತೆ. ಚೀಟಿಯಲ್ಲಿ ರೋಗಿಯ ಹೆಸರು, ವಿಳಾಸ, ಔಷಧಿ ಪ್ರಮಾಣ, ತಾರೀಖು, ವೈದ್ಯರ ಸಹಿ ಇರಬೇಕು. ನೋಂದಾಯಿತ ಫಾರ್ಮಸಿಸ್ಟ್ ಮೇಲ್ವಿಚಾರಣೆಯಲ್ಲೇ ಕೊಡಬೇಕು, ದಾಖಲೆ ಇಡಬೇಕು. ವೈದ್ಯರು ಬರೆದಿರದಿದ್ರೆ ಅದೇ ಚೀಟಿಗೆ ಎರಡನೇ ಸಲ ಕೊಡುವಂತಿಲ್ಲ. "ಪರಿಚಯದ ಹುಡುಗ, ಹೆಂಗ್ ಇಲ್ಲ ಅನ್ಲಿ" ಅಂತ ಕೊಟ್ರೆ ಲೈಸನ್ಸ್ ಅಮಾನತು, ರದ್ದು ಆಗಬಹುದು, ಕೇಸೂ ಆಗಬಹುದು.

ಜಿಮ್‌ನವರಿಗೆ, ಟ್ರೇನರ್‌ಗಳಿಗೆ: ಔಷಧಿ ಮಾರೋ ಲೈಸನ್ಸ್ ಇಲ್ಲದೆ ಒಂದು ಸೂಜಿ ಮಾರಿದ್ರೂ ಅಪರಾಧ. ಶಿಕ್ಷೆ ಕನಿಷ್ಠ 3 ವರ್ಷ, ಗರಿಷ್ಠ 5 ವರ್ಷ ಜೈಲು. ದಂಡ ಕನಿಷ್ಠ 1 ಲಕ್ಷ ರೂಪಾಯಿ ಅಥವಾ ಹಿಡಿದ ಮಾಲಿನ ಬೆಲೆಯ ಮೂರು ಪಟ್ಟು, ಯಾವುದು ಹೆಚ್ಚೋ ಅದು. ಮಾಲು ನಕಲಿ ಆಗಿದ್ರೆ ಕನಿಷ್ಠ 7 ವರ್ಷ, ಜೀವಾವಧಿವರೆಗೂ ಹೋಗಬಹುದು. ಕೊರಿಯರ್‌ನಲ್ಲಿ ತರಿಸಿ ಹಂಚಿದ್ರೂ ಮಾರಾಟ ಮಾರಾಟವೇ.

ಪ್ರೋಟೀನ್, ಪೂರಕ ಆಹಾರ ಮಾರುವ ಅಂಗಡಿಯವರಿಗೆ: ಇವು ಆಹಾರ ಸುರಕ್ಷತಾ ಕಾನೂನಿನಡಿ ಬರ್ತವೆ. 2016ರ ನಿಯಮಗಳ ಪ್ರಕಾರ ಇಂಥ ಪೂರಕಗಳಲ್ಲಿ ಹಾರ್ಮೋನ್, ಸ್ಟೀರಾಯ್ಡ್ ಸೇರಿಸುವಂತಿಲ್ಲ. ಡಬ್ಬಿ ಮೇಲೆ ಎಫ್‌ಎಸ್‌ಎಸ್‌ಎಐ ಗುರುತು, 14 ಅಂಕಿಯ ಪರವಾನಗಿ ಸಂಖ್ಯೆ ಇರಬೇಕು. ಅಸುರಕ್ಷಿತ ಆಹಾರದಿಂದ ಯಾರಾದ್ರೂ ಸತ್ತರೆ ಕನಿಷ್ಠ 7 ವರ್ಷ ಜೈಲು, ಕನಿಷ್ಠ 10 ಲಕ್ಷ ದಂಡ. ಏಜೆಂಟ್ ಬಂದು ಬಿಲ್ ಇಲ್ಲದೆ ಅರ್ಧ ರೇಟಿಗೆ ಕೊಡ್ತೀನಿ ಅಂದ್ರೆ ಲಾಭ ಅಂತ ತಗೋಬ್ಯಾಡ್ರಿ. ನಾಳೆ ಕೇಸ್ ಆದ್ರೆ ಏಜೆಂಟ್ ಸಿಗಲ್ಲ, ಬೋರ್ಡ್ ಮೇಲೆ ಹೆಸರಿರೋ ನೀವು ಸಿಗ್ತೀರಿ.

ಆಟಗಾರರಿಗೆ: ಕ್ರೀಡೆಯಲ್ಲಿ ಉದ್ದೀಪನ ತಡೆಗೆ ರಾಷ್ಟ್ರೀಯ ಸಂಸ್ಥೆ ನಾಡಾ 2005ರಲ್ಲಿ ಶುರುವಾಯ್ತು, 2022ರ ಕಾಯ್ದೆಯಿಂದ ಅದಕ್ಕೆ ಕಾನೂನಿನ ಬಲ ಬಂತು. ಅನಾಬಾಲಿಕ್ ಸ್ಟೀರಾಯ್ಡ್‌ಗೆ ಸ್ಪರ್ಧೆ ಇದ್ದಾಗಲೂ ಇಲ್ಲದಾಗಲೂ ನಿಷೇಧ. ಬೇಕಂತ್ಲೇ ತಗೊಂಡಿದ್ರೆ ಸಾಮಾನ್ಯವಾಗಿ 4 ವರ್ಷ ನಿಷೇಧ. ಕೆಲವು ಸೂಜಿಯ ಗುರುತು ಮೂತ್ರದಲ್ಲಿ ತಿಂಗಳುಗಟ್ಟಲೆ ಉಳಿಯುತ್ತೆ. ಜಾತ್ರೆ ಕುಸ್ತಿಯಲ್ಲಿ ಯಾರೂ ಪರೀಕ್ಷೆ ಮಾಡಲ್ಲ ಅಂತ ಶುರು ಮಾಡಿದವ ಮುಂದೆ ಖೇಲೋ ಇಂಡಿಯಾ ಮಟ್ಟಕ್ಕೆ ಹೋದಾಗ ಸಿಕ್ಕಿಬೀಳ್ತಾನೆ. ವೈದ್ಯರೇ ರೋಗಕ್ಕೆ ಬರೆದಿದ್ರೆ ಮೊದಲೇ ನಾಡಾದಿಂದ ಅನುಮತಿ ಕೇಳೋ ದಾರಿ ಇದೆ.

ದೂರು ಕೊಡೋದು: ಚೀಟಿ ಇಲ್ಲದೆ ಮಾರಾಟ ಕಂಡ್ರೆ ಜಿಲ್ಲೆಯ ಡ್ರಗ್ ಇನ್‌ಸ್ಪೆಕ್ಟರ್‌ಗೆ, ಪುಡಿ ಡಬ್ಬಿ ವಿಷಯ ಇದ್ದರೆ ಆಹಾರ ಸುರಕ್ಷತಾ ಅಧಿಕಾರಿಗೆ ಬರೆದು ಕೊಡಬಹುದು. ಬಿಲ್, ಡಬ್ಬಿಯ ಫೋಟೋ, ಬ್ಯಾಚ್ ನಂಬರ್ ಇದ್ದರೆ ಕೆಲಸ ಸುಲಭ.

ಮನೆಯವರು ಗಮನಿಸಬೇಕಾದ್ದು

ಎರಡು ಮೂರು ತಿಂಗಳಲ್ಲಿ ತೂಕ ದಿಢೀರ್ ಏರಿಕೆ, ಬೆನ್ನು ತುಂಬ ಮೊಡವೆ, ಮುಖ ಊದೋದು, ಸಣ್ಣ ಮಾತಿಗೆ ಕೈ ಎತ್ತೋದು, ರೂಮಲ್ಲಿ ಸಿರಿಂಜ್, ಎಣ್ಣೆಯಂಥ ದ್ರವದ ಸಣ್ಣ ಬಾಟಲಿ, ದುಡ್ಡು ಪದೇ ಪದೇ ಕೇಳೋದು. ಒಂದೇ ಲಕ್ಷಣ ಇದ್ದರೆ ತೀರ್ಮಾನ ಮಾಡಬ್ಯಾಡ್ರಿ. ನಾಲ್ಕೈದು ಕೂಡಿದ್ರೆ ಕೂತು ಮಾತಾಡ್ರಿ. ಬೈದು ಹೊಡೆದ್ರೆ ಮುಚ್ಚಿಡ್ತಾನೆ, ಮುಚ್ಚಿಟ್ಟು ತಗೊಳ್ಳೋದು ಇನ್ನೂ ಅಪಾಯ.

ಈಗಾಗ್ಲೇ ತಗೊಂಡಿದ್ರೆ?

ನಾಚಿಕೆ ಬಿಟ್ಟು ವೈದ್ಯರ ಮುಂದೆ ಏನು, ಎಷ್ಟು ದಿನ ಅಂತ ಪೂರ್ತಿ ಹೇಳ್ರಿ. ಬಿಪಿ, ಲಿವರ್, ಕೊಲೆಸ್ಟ್ರಾಲ್, ರಕ್ತದ ದಪ್ಪ, ಹಾರ್ಮೋನ್ ಪರೀಕ್ಷೆ, ಇಸಿಜಿ, ಬೇಕಿದ್ರೆ ಎಕೋ ಮಾಡಿಸ್ತಾರೆ. ಶಿಗ್ಗಾವಿ ತಾಲೂಕು ಆಸ್ಪತ್ರೆಯಿಂದ ಶುರು ಮಾಡಿ, ಅವರು ಹೇಳಿದ್ರೆ ಹಾವೇರಿ ಜಿಲ್ಲಾಸ್ಪತ್ರೆ ಅಥವಾ ಹುಬ್ಬಳ್ಳಿ ಕಿಮ್ಸ್‌ಗೆ ಹೋಗಬಹುದು. ಬಿಟ್ಟ ಮೇಲೆ ಮಾಡೋ "ಮರುಕೋರ್ಸ್" ಅಂತ ಜಿಮ್‌ನಲ್ಲಿ ಕೊಡೋ ಗುಳಿಗೆಗಳೂ ಹಾರ್ಮೋನ್ ಔಷಧಿಗಳೇ, ವೈದ್ಯರಿಲ್ಲದೆ ಅವನ್ನೂ ಮುಟ್ಟಬ್ಯಾಡ್ರಿ.

ಬಿಟ್ಟ ಮೇಲೆ ಮನಸ್ಸು ಕುಗ್ಗಿದ್ರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡ್ರಿ, ಕನ್ನಡದಲ್ಲೇ ಮಾತಾಡಬಹುದು. ಆರೋಗ್ಯ ಸಲಹೆಗೆ 104. ಎದೆ ನೋವು, ಉಸಿರಾಟ ತೊಂದರೆ, ಒಂದು ಬದಿ ಕೈಕಾಲು ಬಿದ್ದಂಗಾದ್ರೆ ತಡ ಮಾಡದೆ 108.

ಹಾಗಾದ್ರೆ ಮೈ ಕಟ್ಟೋದು ಹೆಂಗ?

ಕಸರತ್ತು ಮಾಡೋ ವ್ಯಕ್ತಿಗೆ ತೂಕದ ಪ್ರತಿ ಕೆಜಿಗೆ ದಿನಕ್ಕೆ 1.2ರಿಂದ 1.6 ಗ್ರಾಂ ಪ್ರೋಟೀನ್ ಇದ್ದರೆ ಚೆನ್ನಾಗಿ ಸಾಲುತ್ತೆ. 60 ಕೆಜಿಯವನಿಗೆ 72ರಿಂದ 96 ಗ್ರಾಂ. 100 ಗ್ರಾಂ ಶೇಂಗಾದಲ್ಲಿ ಸುಮಾರು 25 ಗ್ರಾಂ, 100 ಗ್ರಾಂ ಹೆಸರುಕಾಳಿನಲ್ಲಿ ಸುಮಾರು 24, ಒಂದು ಮೊಟ್ಟೆಯಲ್ಲಿ 6, ಅರ್ಧ ಲೀಟರ್ ಹಾಲಿನಲ್ಲಿ ಸುಮಾರು 16 ಗ್ರಾಂ ಇದೆ. ನಮ್ಮ ರೊಟ್ಟಿ, ಕಾಳುಪಲ್ಯ, ಶೇಂಗಾ ಚಟ್ನಿ, ಮೊಸರಿನಲ್ಲೇ ಬಹಳಷ್ಟು ಸಿಗ್ತದೆ. ಜೊತೆಗೆ 7-8 ತಾಸು ನಿದ್ದೆ.

ಪೊಲೀಸ್, ಅಗ್ನಿವೀರ ಭರ್ತಿಗೆ ತಯಾರಿ ಮಾಡೋರಿಗೆ ಒಂದು ಮಾತು. ಅಲ್ಲಿ 1,600 ಮೀಟರ್ ಓಟಕ್ಕೂ ನಿಲ್ಲಿಸ್ತಾರೆ. ಸೂಜಿಯಿಂದ ಏರಿದ ತೂಕ ಹೊತ್ಕೊಂಡು ಓಡೋದು ನೀವೇ.

ಸ್ನಾಯು ಬೆಳೆಯೋದು ನಿಧಾನ. ಬಿತ್ತಿದ ಮರುದಿನ ಗೋವಿನಜೋಳ ತೆನೆ ಬಿಡಲ್ಲ, ಅದಕ್ಕೂ ನಾಲ್ಕು ತಿಂಗಳು ಕಾಯ್ತೀವಿ. ಮೈಗೆ ಒಂದೆರಡು ವರ್ಷ ಕೊಟ್ರೆ ತಪ್ಪೇನು?

(ಗಮನಿಸಿ: ಇದು ಸಾಮಾನ್ಯ ತಿಳಿವಳಿಕೆಗೆ. ಯಾವ ಔಷಧಿ ಶುರು ಮಾಡೋದಕ್ಕೂ ಬಿಡೋದಕ್ಕೂ ವೈದ್ಯರ ಮಾತೇ ಕೊನೆ. ನಿಮ್ಮ ಊರಿನ ಗ್ರೂಪ್‌ನಲ್ಲಿ ಜಿಮ್‌ಗೆ ಹೋಗೋ ಹುಡುಗ್ರು ಇದ್ದರೆ ಅವರಿಗೂ ಕಳಿಸಿ.)